ನಕ್ಷೆಯ ಮೂಲೆಯಲ್ಲಿದ್ದ ಹೆಸರು

ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿದ ವನಜಾ ಅಡಿಲೇಡಿನ ಬೆಡ್‌ಫರ್ಡ್ ಪಾರ್ಕಿನ ಪ್ರಯೋಗಾಲಯದಲ್ಲಿ ತಂತ್ರಜ್ಞೆ. 2016ರ ಜುಲೈ ಹೊತ್ತಿಗೆ ಸಕ್ಕರೆ ಕಾಯಿಲೆಯವರ ಶೂ ಒಳಗಿಡುವ ಹಾಸೊಂದನ್ನು ಅವಳು ರೂಪಿಸಿ ಮುಗಿಸಿದ್ದಳು. ಸಾಮಾನ್ಯ ರಬ್ಬರು ಒತ್ತಿದರೆ ಪಕ್ಕಕ್ಕೆ ಸರಿದುಹೋಗುತ್ತದೆ. ಇದು ಒತ್ತಿದ ಕಡೆಗೇ ಒಳಸೇರಿ ಪಾದಕ್ಕೆ ಆಸರೆಯಾಗುತ್ತಿತ್ತು. ಗುಟ್ಟಿದ್ದದ್ದು ರಬ್ಬರಿನಲ್ಲಲ್ಲ, ಅದರೊಳಗಿನ ಪುಟ್ಟ ಕೋಶಗಳ ಆಕಾರದಲ್ಲಿ. ಪ್ರತಿ ಕೋಶದ ಗೋಡೆಯೂ ಒಳಕ್ಕೆ ಬಾಗಿತ್ತು. ಪಾದದಲ್ಲಿ ಹುಣ್ಣಿರುವಲ್ಲಿ ಗೋಡೆ ತೆಳುವಾದರೆ ಹಾಸು ಮೆತ್ತಗೆ, ಉಳಿದೆಡೆ ದಪ್ಪವಾದರೆ ಗಟ್ಟಿ. ನಲವತ್ತು ಮಾದರಿ ಕೆಟ್ಟ ಮೇಲೆ ಕೈಗೂಡಿದ್ದು ಅದು.

ಪೇಟೆಂಟ್ ಅರ್ಜಿಯಲ್ಲಿ ಮಾತ್ರ ಒಂದೇ ಹೆಸರಿತ್ತು: ವಿಭಾಗದ ಮುಖ್ಯಸ್ಥ ರಾಜಗೋಪಾಲ. ತಾನು ಅವರು ಹೇಳಿದಂತೆ ಗೆರೆ ಎಳೆದವಳಷ್ಟೇ ಎಂಬ ಹೇಳಿಕೆಗೆ ವನಜಾ ಸಹಿ ಹಾಕಬೇಕಿತ್ತು.

"ನನ್ನ ಹೆಸರೆಲ್ಲಿ ಸರ್?"

ರಾಜಗೋಪಾಲ ಅವಳು ಬರೆದ ಹಾಸಿನ ನಕ್ಷೆಯ ಮೂಲೆ ತೋರಿಸಿದರು. 'ವಿನ್ಯಾಸ' ಎಂಬಲ್ಲಿ ಅವರ ಹೆಸರು, 'ಬರೆದವರು' ಎಂಬಲ್ಲಿ ಅವಳದು. ಎಲ್ಲ ನಕ್ಷೆಗಳಲ್ಲೂ ಹಾಗೇ.

"ನೀವೇ ಹಾಕಿದ್ದೀರಲ್ಲಮ್ಮ."

"ಅದು ಮರ್ಯಾದೆಗೆ ಹಾಕಿದ್ದು! ಗೈಡ್ ಹೆಸರಿಲ್ದೆ ಶೀಟ್ ಕೊಟ್ರೆ ಕಾಲೇಜಲ್ಲಿ ಮುಖದ ಮೇಲೆ ಎಸೀತಿದ್ರು. ನೀವೂ ಅಲ್ಲೇ ಓದಿದೋರು, ನಿಮಗೆ ಗೊತ್ತಿಲ್ವಾ?"

"ಇದು ಆಸ್ಟ್ರೇಲಿಯಾ. ಇಲ್ಲಿ ಬರ್ದಿದ್ದೇ ದಾಖಲೆ."

ಸರ್ ಅನ್ನಿಸಿಕೊಳ್ಳುವಾಗ ಮೈಸೂರು, ಹೆಸರು ಕೊಡುವಾಗ ಆಸ್ಟ್ರೇಲಿಯಾ! ವನಜಾ ಹೇಳಿಕೆಯ ಹಾಳೆಯನ್ನು ಅವರತ್ತ ಹಿಂದಕ್ಕೆ ಸರಿಸಿದಳು. ಮೂರು ವರ್ಷದಲ್ಲಿ ಈ ಮನುಷ್ಯ ಒಂದು ಮಾದರಿಯನ್ನಾದರೂ ಕೈಯಾರೆ ಒತ್ತಿ ನೋಡಿರಲಿಲ್ಲ.

ಶುಕ್ರವಾರ ಸಂಸ್ಥೆಯ ಪೇಟೆಂಟ್ ಅಧಿಕಾರಿಣಿ ಅರ್ಜಿ ಪರಿಶೀಲಿಸಲು ಇಬ್ಬರನ್ನೂ ಕೂರಿಸಿಕೊಂಡು ಪ್ರಶ್ನೆ ಕೇಳಿದಳು. ಮಾತು ಇಂಗ್ಲಿಷಿನಲ್ಲಿ ನಡೆಯಿತು.

"ಕೋಶದ ಗೋಡೆ ಇಷ್ಟೇ ಬಾಗಿರೋದು ಯಾಕೆ? ಇನ್ನೂ ಬಾಗಿಸಿದರೆ?"

ರಾಜಗೋಪಾಲ ಕನ್ನಡಕ ಒರೆಸಿಕೊಂಡರು. "ಅದೊಂದು ಸಣ್ಣ ವಿವರ. ವನಜಾ ಹೇಳ್ತಾರೆ."

ಅಧಿಕಾರಿಣಿಯ ಪೆನ್ನು ನಿಂತಿತು.

"ಇನ್ನೂ ಬಾಗಿಸಿದರೆ ಗೋಡೆಗೆ ಗೋಡೆ ತಾಗಿ ಹಾಸು ಕಲ್ಲಾಗುತ್ತೆ," ಎಂದಳು ವನಜಾ. "ಹುಣ್ಣು ಇನ್ನಷ್ಟು ಕೆಡುತ್ತೆ. ಹನ್ನೆರಡನೇ ಮಾದರಿಯಲ್ಲಿ ಅದನ್ನ ಕಂಡದ್ದು ನಾನು. ಸಣ್ಣ ವಿವರ ಅಲ್ಲ. ಇಲ್ಲಿ ಕಂಡುಹಿಡಿದಿದ್ದೇ ಅದು."

ರಾಜಗೋಪಾಲ ತಗ್ಗಿದ ದನಿಯಲ್ಲಿ ಕನ್ನಡಕ್ಕೆ ಹೊರಳಿದರು. "ಪರರ ಮುಂದೆ ಮಾನ ಕಳೀತೀಯೇನಮ್ಮ?"

"ನಾನು ಸಹಿ ಹಾಕಲ್ಲ ಸರ್," ಎಂದು ವನಜಾ ಇಂಗ್ಲಿಷಿನಲ್ಲೇ ಹೇಳಿದಳು.

ಅಧಿಕಾರಿಣಿ ಅರ್ಜಿಯನ್ನು ತಡೆಹಿಡಿದಳು. ಕಂಡುಹಿಡಿದವರು ಯಾರೆಂದು ತೀರ್ಮಾನಿಸಲು ಪ್ರಯೋಗದ ದಿನಚರಿಗಳನ್ನು ಇಬ್ಬರೂ ಸೋಮವಾರದೊಳಗೆ ತಂದೊಪ್ಪಿಸಬೇಕೆಂದಳು. ವನಜಾಳ ಬಳಿ ಏಳು ಪುಸ್ತಕಗಳಿದ್ದವು. ರಾಜಗೋಪಾಲರ ಬಳಿ ಒಂದೂ ಇರಲಿಲ್ಲ.