ಇಪ್ಪತ್ತು ಸೆಕೆಂಡು, ಮಂಗಟ್ಟೆಯ ಕೊಕ್ಕು

ಸಿರಾಜುನ್ನಿಸಾ ಚಾಚಿಯ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಆಮೇಲೆ ನೀವು ಹೇಳುವುದು ಬೇಡ. ಅವರ ಹನ್ನೊಂದು ವರ್ಷದ ಕೆಲಸವನ್ನು ಇಪ್ಪತ್ತು ಸೆಕೆಂಡಿನಲ್ಲಿ ಕೆಡಿಸಿದವನು ನಾನು. ಕೆಡಿಸಿದ್ದು ಒಂದು ತಪ್ಪು. ಅದರ ಮೇಲೆ ಆಡಿದ ಸುಳ್ಳು ಇನ್ನೊಂದು, ಅದೇ ದೊಡ್ಡದು.

ಚಾಚಿಯ ತವರು ಮುಂಡಗೋಡ ತಾಲೂಕಿನ ಮಳಗಿ. ಮದುವೆಯಾಗಿ ದಾಂಡೇಲಿಗೆ ಬಂದರು. ಗಂಡ ದಾವಲಸಾಬ ಟಿವಿ, ರೇಡಿಯೋ ರಿಪೇರಿಯಲ್ಲಿ ಉಸ್ತಾದರು, ನನಗೆ ಸೋಲ್ಡರಿಂಗ್ ಮಾಡುವುದನ್ನು ಕೈಹಿಡಿದು ಕಲಿಸಿದವರು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಅಂಗಡಿಯನ್ನು ಈಗ ನಾನು ನಡೆಸುತ್ತೇನೆ, ಬೋರ್ಡಿನ ಮೇಲೆ ಇನ್ನೂ ಅವರದೇ ಹೆಸರು. ಬಾಳೇಶ ಅಂತ ನಿನ್ನ ಹೆಸರು ಬರೆಸು ಎಂದು ಚಾಚಿಯೇ ಎರಡು ಸಲ ಹೇಳಿದ್ದರು. ಬರೆಸಲಿಲ್ಲ, ಪುಣ್ಯ. ಅವರ ಹೆಸರಿನಲ್ಲೇ ಅವರ ಮನೆಗೆ ದ್ರೋಹ ಮಾಡುವ ಭಾಗ್ಯ ನನ್ನದಾಯಿತು!

ಅಂಗಡಿಯ ಹಿಂದಿನ ಓಣಿಯಲ್ಲಿ ಚಾಚಿಯ ಮನೆ. ನಡುಮನೆಯಲ್ಲಿ ಒಂದು ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್. ಹುಬ್ಬಳ್ಳಿಯಲ್ಲಿ ಯಾರೋ ಬಳಸಿ ಬಿಟ್ಟದ್ದು, ಪೆನ್‌ಡ್ರೈವ್ ಹಾಕುವ ಕಿಂಡಿ ಕೊಂಡಾಗಲೇ ಕೆಟ್ಟಿತ್ತು. ಹೊರಗಿನಿಂದ ಡಿಸೈನ್ ತುಂಬಿಸಲು ಬರುವುದಿಲ್ಲವೆಂದರೆ ಬೇರೆಯವರು ಕೈಬಿಡುತ್ತಿದ್ದರು. ಚಾಚಿ ಬಿಡಲಿಲ್ಲ. ಮಷಿನ್ನಿನ ಪ್ಯಾನೆಲ್‌ನಲ್ಲಿ ಬಾಣದ ಗುಂಡಿ ಒತ್ತಿ ಒತ್ತಿ, ಒಂದೊಂದೇ ಹೊಲಿಗೆ ಕೂಡಿಸಿ ತಾವೇ ಡಿಸೈನ್ ಮಾಡಿದರು. ಹನ್ನೊಂದು ವರ್ಷಕ್ಕೆ ನೂರಾ ಹನ್ನೆರಡು. ಎಲ್ಲಕ್ಕಿಂತ ಹೆಸರಾದದ್ದು ಮಂಗಟ್ಟೆ ಹಕ್ಕಿಯ ಜೋಡಿ: ಪೊಟರೆಯೊಳಗೆ ಕೂತ ಹೆಣ್ಣಿಗೆ ಗಂಡುಹಕ್ಕಿ ಹಣ್ಣು ಕೊಡುತ್ತಿರುವುದು. ಹಳಿಯಾಳದ ಲಿಂಗಾಯತರ ಮದುಮಗಳಿರಲಿ, ಜೋಯಿಡಾದ ಮರಾಠಿ ಮನೆಯವಳಿರಲಿ, ಮದುವೆ ಜಂಪರಿನ ಬೆನ್ನ ಮೇಲೆ ಆ ಜೋಡಿ ಬೇಕೇ ಬೇಕು. ನನ್ನ ಹೆಂಡತಿ ಉಮಾಶ್ರೀಯ ಜಂಪರಿನ ಮೇಲೂ ಅದೇ ಇದೆ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಮಷಿನ್ ಆನ್ ಆಗದೆ ನಿಂತಿತು. ಲಗ್ನದ ಸೀಜನ್ ತಲೆ ಮೇಲಿತ್ತು.

“ಡಿಸೈನ್ ಎಲ್ಲಾ ಅದರಾಗ ಅದಾವ ಬೇಟಾ. ಮಷಿನ್ ಹೋದ್ರ ಹೋಗ್ಲಿ, ಅವು ಹೋಗಬಾರ್ದು,” ಎಂದರು ಚಾಚಿ.

“ಚಿಂತಿ ಬಿಡ್ರಿ ಚಾಚಿ, ನಾ ಅದೇನಿ,” ಎಂದೆ ನಾನು. ಥೂ ನನ್ನ ಬಾಯಿಗಿಷ್ಟು!

ಇಂಥ ಮಷಿನ್ನಿನ ನೆನಪೆಲ್ಲ ಎಂಟು ಕಾಲಿನ ಒಂದು ಫ್ಲ್ಯಾಶ್ ಚಿಪ್ಪಿನಲ್ಲಿರುತ್ತದೆ, ಹುಣಸೆ ಬೀಜಕ್ಕಿಂತ ಸಣ್ಣದು. ಅದರೊಳಗಿನ ಅಂಕಿಗಳು ಒಂದೇ ತಂತಿಯಲ್ಲಿ ಒಂದರ ಹಿಂದೆ ಒಂದು ಹೊರಬರುತ್ತವೆ. ಪ್ರೋಗ್ರಾಂ ಕೆಟ್ಟು ಮಷಿನ್ ನಿಂತಾಗ ನಮ್ಮ ಕೆಲಸ ಆ ಅಂಕಿಗಳನ್ನು ಓದಿ ಲ್ಯಾಪ್‌ಟಾಪಿನಲ್ಲಿ ನಕಲು ಇಟ್ಟುಕೊಳ್ಳುವುದು, ಚಿಪ್ಪನ್ನು ಪೂರ್ತಿ ಅಳಿಸುವುದು, ಕಂಪನಿಯ ಪ್ರೋಗ್ರಾಂ ಹೊಸದಾಗಿ ಹಾಕಿ, ಗಿರಾಕಿಯ ಸರಕನ್ನು ನಕಲಿನಿಂದ ತಿರುಗಿ ತುಂಬುವುದು. ಅಳಿಸಿದ ಮೇಲೆ ಆ ನಕಲೇ ಗತಿ. ಅದಕ್ಕೇ ಉಸ್ತಾದರು ಒಂದು ಪದ್ಧತಿ ಹಾಕಿದ್ದರು: “ಒಂದ ಸಲ ಓದಿದ್ದು ಓದಿದಂಗ ಅಲ್ಲಪ್ಪಾ. ಎರಡ ಸಲ ಓದು, ಒಂದಕ್ಕೊಂದು ಹಚ್ಚಿ ನೋಡು, ಆಮ್ಯಾಲ ಅಳಸು.”

ಹಳೆಯ ಸಾಫ್ಟ್‌ವೇರಿನಲ್ಲಿ ಓದಲು ಆರು ನಿಮಿಷ ಬೇಕಿತ್ತು. ನನಗೆ ತಾಳ್ಮೆಯೆಲ್ಲಿ? ಯಾರದೋ ಪ್ರೋಗ್ರಾಂ ಇಳಿಸಿಕೊಂಡು, ನಾಲ್ಕು ತಿಂಗಳು ತಿಣುಕಿ, ಚಿಪ್ಪನ್ನು ಬೇಗ ಓದಿಸುವ ‘ಜೋರು ಓದು’ ಆಜ್ಞೆಯನ್ನು ಅದರಲ್ಲಿ ಸೇರಿಸಿದೆ. ಇಪ್ಪತ್ತು ಸೆಕೆಂಡಿಗೆ ಬಂತು. ಅದರಲ್ಲೊಂದು ಸೂಕ್ಷ್ಮವಿದೆ. ಜೋರಾಗಿ ಓದು ಎಂದಾಗ ಚಿಪ್ಪು ಭಾಷಣಕ್ಕೆ ನಿಂತವರು ಕೆಮ್ಮುವ ಹಾಗೆ ಮೊದಲು ಒಂದು ಸುಳ್ಳು ಅಂಕಿ ಕೊಟ್ಟು, ಆಮೇಲೆ ನಿಜವಾದದ್ದನ್ನು ಕೊಡುತ್ತದೆ. ಆ ಕೆಮ್ಮನ್ನು ಬಿಸಾಕಬೇಕು. ನನ್ನ ಪ್ರೋಗ್ರಾಂ ಚಿಪ್ಪನ್ನು ಇನ್ನೂರೈವತ್ತಾರು ಅಂಕಿಗಳ ತುಂಡುತುಂಡಾಗಿ ಓದುತ್ತಿತ್ತು. ಮೊದಲ ತುಂಡಿನ ಕೆಮ್ಮನ್ನು ಬಿಸಾಕಿದ್ದೆ. ಪ್ರತಿ ತುಂಡಿಗೂ ಅದು ಮತ್ತೆ ಕೆಮ್ಮುತ್ತದೆ ಎಂಬುದು ಈ ಶಾಣ್ಯಾನಿಗೆ ಹೊಳೆಯಲಿಲ್ಲ. ಪರೀಕ್ಷೆಗೆಂದು ತೆರೆದು ನೋಡಿದ್ದೂ ಮೊದಲ ತುಂಡನ್ನೇ.

ರಿಪೇರಿಯವರ ವಾಟ್ಸಾಪ್ ಗುಂಪೊಂದಿದೆ. ಅದರಲ್ಲಿ ಮೆರೆಯಲೆಂದು ಚಾಚಿಯ ಚಿಪ್ ಓದುವಾಗ ವಿಡಿಯೋ ಹಚ್ಚಿದೆ, ಪಕ್ಕದಲ್ಲಿ ಸ್ಟಾಪ್‌ವಾಚ್. ಇಪ್ಪತ್ತು ಸೆಕೆಂಡಿಗೆ ಓದು ಮುಗಿಯಿತು. ಆಮೇಲೆ ಹಳೆಯದರಲ್ಲಿ ಇನ್ನೊಮ್ಮೆ ಓದಿ ಹಚ್ಚಿ ನೋಡಬೇಕಿತ್ತು. ಆರು ನಿಮಿಷ ಕಾಯುತ್ತ ಕೂತರೆ ವಿಡಿಯೋದ ಮಜಾ ಹೋಗುತ್ತದಲ್ಲ! ಹಾಗೇ ಅಳಿಸು ಗುಂಡಿ ಒತ್ತಿದೆ. ಗುಂಪಿನಲ್ಲಿ ನಲವತ್ತು ಜನ ಶಭಾಷ್ ಅಂದರು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವವರು ಒಬ್ಬರೂ ಇರಲಿಲ್ಲ.

ಮಷಿನ್ ಆನ್ ಆಯಿತು. ಚಾಚಿ ಬಿಸ್ಮಿಲ್ಲಾ ಅಂದು, ಹಳಿಯಾಳದ ಒಂದು ಜಂಪರನ್ನು ಚೌಕಟ್ಟಿಗೆ ಕಟ್ಟಿ, ಮಂಗಟ್ಟೆ ಡಿಸೈನ್ ತೆಗೆದರು. ಸೂಜಿ ಸ್ವಲ್ಪ ಹೊತ್ತು ಸರಿಯಾಗಿ ಓಡಿತು. ಆಮೇಲೆ ಹುಚ್ಚು ಹಿಡಿದಂತೆ ಅಡ್ಡಾದಿಡ್ಡಿ ಹಾರಿತು. ಗಂಡುಹಕ್ಕಿಯ ಕೊಕ್ಕು ಹೋಗಿ ಬಾಲದ ಮೇಲೆ ಕೂತಿತು.

“ಇದೇನೋ ಬಾಳೇಶ?”

“ಚಿಪ್ ಮೊದಲ ಸತ್ತಿತ್ರಿ ಚಾಚಿ. ಉಳಿದಷ್ಟು ತಗದೇನಿ,” ಎಂದೆ.

ಅವರು ಮಷಿನ್ ಆರಿಸಿದರು. “ನೀ ಏನ್ ಮಾಡ್ತಿ ಬಿಡು, ನಿನ್ನ ಕೈಲಾದಷ್ಟು ಮಾಡೀದಿ,” ಎಂದು ನನಗೇ ಸಮಾಧಾನ ಹೇಳಿ ಚಹಾ ಮಾಡಿಕೊಟ್ಟರು. ಕುಡಿದೆ. ಅಂಥ ನಾಚಿಕೆಗೆಟ್ಟವನು ನಾನು.

ಮಾರನೆಯ ದಿನ ನಕಲನ್ನು ತೆರೆದು ನೋಡಿದಾಗ ತಪ್ಪು ತಿಳಿಯಿತು. ಮೊದಲನೆಯದು ಬಿಟ್ಟು ಪ್ರತಿ ತುಂಡಿನ ತಲೆಯಲ್ಲಿ ಒಂದು ಕೆಮ್ಮು, ಬಾಲದಲ್ಲಿ ಒಂದು ಅಂಕಿ ಖೋತಾ. ಉಳಿದದ್ದೆಲ್ಲ ಚೊಕ್ಕ! ಕೆಮ್ಮುಗಳನ್ನು ತೆಗೆದುಹಾಕಿದರೆ ತುಂಡಿಗೆ ಒಂದೇ ಖಾಲಿ ಜಾಗ ಉಳಿಯುತ್ತಿತ್ತು. ಅಲ್ಲಿ ಸೂಜಿ ಎತ್ತ ಹೋಗಬೇಕಿತ್ತು ಎಂದು ಚಾಚಿ ಪಕ್ಕದಲ್ಲಿ ಕೂತು ಹೇಳಿದರೆ ನೂರಾ ಹನ್ನೆರಡೂ ವಾಪಸ್ ಬರುತ್ತಿದ್ದವು. ಆದರೆ ಅವರನ್ನು ಕೂರಿಸಬೇಕೆಂದರೆ ನಿಜ ಹೇಳಬೇಕು. ಸತ್ತ ಚಿಪ್ಪು ಇಷ್ಟು ಲೆಕ್ಕಬದ್ಧವಾಗಿ ಸಾಯುವುದಿಲ್ಲ. ಪ್ರೋಗ್ರಾಮನ್ನು ಅವತ್ತೇ ತಿದ್ದಿದೆ, ಎರಡು ಸಲ ಓದಿ ತಾಳೆಯಾಗದೆ ಅಳಿಸು ಗುಂಡಿ ಬರದ ಹಾಗೆ ಮಾಡಿದೆ. ಪ್ರೋಗ್ರಾಮು ಸರಿಹೋಯಿತು. ನಾನು ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತ ಎರಡು ತಿಂಗಳು ಕಳೆದೆ.

ಆ ಎರಡು ತಿಂಗಳು ಚಾಚಿ ಏನು ಮಾಡಿದರು ಗೊತ್ತೇ? ತಾವು ಹೊಲಿದುಕೊಟ್ಟ ಜಂಪರುಗಳನ್ನು ಹುಡುಕಿಕೊಂಡು ಮನೆಮನೆ ತಿರುಗಿದರು. ಹಳಿಯಾಳ, ಮುಂಡಗೋಡ, ದಿನಕ್ಕೆರಡು ಬಸ್ಸಿನ ಕುಂಬಾರವಾಡ. ಜಂಪರು ಬೇಡಿ ತಂದು, ಭೂತಗನ್ನಡಿ ಹಿಡಿದು ಹೊಲಿಗೆ ಎಣಿಸಿ, ಮೊದಲಿನಿಂದ ಗುಂಡಿ ಒತ್ತುತ್ತಿದ್ದರು. ಬಸ್ ಸ್ಟ್ಯಾಂಡಿಗೆ ಹೋಗುವ ದಾರಿ ನನ್ನ ಅಂಗಡಿಯ ಮುಂದೆಯೇ. ಅವರ ಬುರ್ಖಾ ಕಂಡಕೂಡಲೇ ನಾನು ಟಿವಿಯೊಳಗೆ ತಲೆ ತೂರಿಸುತ್ತಿದ್ದೆ. ಅರವತ್ತೆರಡು ವರ್ಷದ ಮೊಣಕಾಲು ಎಳೆಯುತ್ತ ಹೋಗುವ ಸದ್ದು ಮಾತ್ರ ಕೇಳುತ್ತಿತ್ತು.

ಒಂದು ರವಿವಾರ ಚಾಚಿ ನಮ್ಮ ಮನೆಗೇ ಬಂದರು.

“ಉಮಾ, ನಿನ್ನ ಲಗ್ನದ ಜಂಪರ ಕೊಡವ್ವಾ. ಮಂಗಟ್ಟಿ ಕೊಕ್ಕು ಬೇರೆ ಎಲ್ಲಾದರಾಗೂ ದಾರ ಹರದೈತಿ.”

ಉಮಾಶ್ರೀ ಟ್ರಂಕಿನಿಂದ ಜಂಪರು ತಂದು ಹಾಸಿಗೆಯ ಮೇಲೆ ಹರಡಿದಳು. ಚಾಚಿ ಕನ್ನಡಕ ಏರಿಸಿ, ಕೊಕ್ಕಿನ ಮೇಲೆ ಬೆರಳಿಟ್ಟು ಎಣಿಸತೊಡಗಿದರು. ಒಂದು, ಎರಡು, ಮೂರು. ನಲವತ್ತರ ಹತ್ತಿರ ಲೆಕ್ಕ ತಪ್ಪಿ, ಮತ್ತೆ ಒಂದು ಅಂದರು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ನುಂಗಲಿಲ್ಲ.

“ಎಣಸಬ್ಯಾಡ್ರಿ ಚಾಚಿ,” ಎಂದೆ. “ಚಿಪ್ ಸತ್ತಿರಲಿಲ್ಲ. ನಾ ಕೊಂದೇನಿ.”

ಎಲ್ಲ ಹೇಳಿದೆ. ವಿಡಿಯೋ, ಕೆಮ್ಮು, ಎರಡನೇ ಸಲ ಓದದೇ ಇದ್ದದ್ದು, ಸರಿಮಾಡಬಹುದು ಎಂದು ಮಾರನೆಯ ದಿನವೇ ಗೊತ್ತಾದದ್ದು. ಚಾಚಿ ಬಯ್ಯುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು.

“ಎರಡ ತಿಂಗಳಾತು, ನಿನ್ನ ಅಂಗಡಿ ಮುಂದ ಅಡ್ಡಾಡಾಕತ್ತೇನಿ. ನೋಡಿದ್ಯಾ?”

“ನೋಡೇನ್ರಿ.”

“ಎಷ್ಟ ಸಲ?”

ಎಣಿಸಿದ್ದೆ. ಹತ್ತೊಂಬತ್ತು ಸಲ.

ಉಮಾಶ್ರೀ ನನ್ನತ್ತ ತಿರುಗಿಯೂ ನೋಡದೆ ಜಂಪರನ್ನು ಮಡಚಿ ಚಾಚಿಯ ಚೀಲದಲ್ಲಿಟ್ಟಳು. “ಇದು ನಿಮ್ಮ ಕಡೆನ ಇರ್ಲಿ ಚಾಚಿ. ಈ ಮನ್ಯಾಗ ಬ್ಯಾಡ.”

ಚಾಚಿ ಗೋಡೆ ಹಿಡಿದು ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿ, ಹಿಂದೆ ನೋಡದೆಯೇ ಹೇಳಿದರು: “ಲ್ಯಾಪ್‌ಟಾಪ್ ತಗೊಂಡು ಬಾ. ಯಾವ ಯಾವ ಹೊಲಿಗಿ ಹೋಗ್ಯಾವ, ತೋರಸು. ಒಂದೊಂದೂ ಎರಡೆರಡ ಸಲ ಓದಬೇಕ ನೀ, ನನಗ ಕೇಳೂವಂಗ.”

ಈಗ ದಿನಾ ಮಧ್ಯಾಹ್ನ ಅವರ ನಡುಮನೆಯಲ್ಲಿ ಕೂತು ನಕಲಿನ ಹೊಲಿಗೆಗಳನ್ನು ಗಟ್ಟಿಯಾಗಿ ಓದುತ್ತೇನೆ, ಎರಡೆರಡು ಸಲ. ಚಾಚಿ ಕಣ್ಣು ಮುಚ್ಚಿ ಕೇಳಿ, ಖಾಲಿ ಜಾಗದ ಹೊಲಿಗೆ ಹೇಳುತ್ತಾರೆ. ಅರವತ್ತೇಳು ಡಿಸೈನ್ ವಾಪಸ್ ಬಂದಿವೆ. ಮಂಗಟ್ಟೆಯ ಕೊಕ್ಕು ಮೊದಲ ದಿನವೇ ಬಂತು. ಬೇಟಾ ಎಂದು ಮಾತ್ರ ಅವರು ಇನ್ನೂ ಕರೆದಿಲ್ಲ.