ಬೊಳ್ಳಿಯ ಪಾಲು

ಬೊಳ್ಳಿ ಸಿಕ್ಕಾಪಟ್ಟೆ ನೀರು ಕುಡಿಯಲು ಶುರು ಮಾಡಿದ್ದೇ ಮೊದಲ ಲಕ್ಷಣ. ನಮಗದು ತಿಳಿಯಲಿಲ್ಲ. ಬೆಕ್ಕು ನೀರು ಕುಡಿದರೆ ಯಾರಾದರೂ ಹೆದರುತ್ತಾರಾ? ಪಡೀಲಿನ ಸೆಕೆಗೆ ಮನುಷ್ಯರೇ ಚೆಂಬುಗಟ್ಟಲೆ ಕುಡಿಯುವಾಗ, ಅದು ಬಟ್ಟೆ ಒಗೆಯುವ ಬಕೆಟಿಗೆ ಮುಖ ಹಾಕಿದ್ದರಲ್ಲಿ ಎಂತ ವಿಶೇಷ ಎಂದುಕೊಂಡೆ. ಆಮೇಲೆ ಬೆನ್ನಿನ ಮೂಳೆ ಕೈಗೆ ಸಿಗತೊಡಗಿತು. ಆಮೇಲೆ ವಾಂತಿ. ಕೊನೆಗೊಂದು ಬೆಳಿಗ್ಗೆ ಅದು ಹೊಲಿಗೆ ಮೆಷಿನ್ನಿನ ಮೇಲೆ ಹಾರಲು ನೋಡಿ, ಹಾರಲಾರದೆ, ಏನೂ ಆಗದವರ ಹಾಗೆ ಕೂತು ಕಾಲು ನೆಕ್ಕಿಕೊಂಡಿತು.

ಆಗ ನಾನು ಕೈಯಲ್ಲಿದ್ದ ಹೊಲಿಗೆ ಕೆಳಗಿಟ್ಟೆ.

ನಾನು ಮನೆಯಲ್ಲೇ ಬ್ಲೌಸು, ಚೂಡಿದಾರ ಹೊಲಿಯುವವಳು. ಗಂಡ ಮಸ್ಕತ್ತಿನಲ್ಲಿ. ಮನೆಯಲ್ಲಿ ಇರುವುದು ನಾನು, ಅತ್ತೆ, ಬೊಳ್ಳಿ. ಅತ್ತೆಗೂ ನನಗೂ ಜಗಳವಾಗಿ ಮಾತು ನಿಂತ ದಿನ ಇಬ್ಬರೂ ಬೊಳ್ಳಿಯ ಹತ್ತಿರ ಮಾತಾಡುತ್ತಿದ್ದೆವು, ಇನ್ನೊಬ್ಬರಿಗೆ ಕೇಳುವಷ್ಟು ಜೋರಾಗಿ. ಅದಿಲ್ಲದಿದ್ದರೆ ಈ ಮನೆ ಹೇಗೆ ನಡೆಯುತ್ತಿತ್ತೋ ದೇವರೇ ಬಲ್ಲ.

ಬಿಕರ್ನಕಟ್ಟೆಯ ಆಚೆ ಪ್ರಾಣಿಗಳ ಒಂದು ಕ್ಲಿನಿಕ್ ಉಂಟು. ಬೊಳ್ಳಿಯನ್ನು ತರಕಾರಿ ಬುಟ್ಟಿಯಲ್ಲಿ ಹಾಕಿ ರಿಕ್ಷಾದಲ್ಲಿ ಹೋದೆವು. ಡಾಕ್ಟರು ಸಣ್ಣ ಪ್ರಾಯದ ಹುಡುಗಿ. ಬ್ಲಡ್ ತೆಗೆದರು, ಸ್ಕ್ಯಾನ್ ಮಾಡಿದರು. ರಿಪೋರ್ಟ್ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎರಡೂ ಕಿಡ್ನಿ ಹೋಗ್ತಾ ಉಂಟು."

ಗುಣವಾಗುವ ಕಾಯಿಲೆ ಅಲ್ಲವಂತೆ. ಊಟ ಸರಿ ಮಾಡಿದರೆ ಇರುವಷ್ಟು ಕಾಲ ಸುಖವಾಗಿ ಇರಬಹುದಂತೆ. ಫಾಸ್ಫರಸ್ ಕಮ್ಮಿ ಇರಬೇಕು, ಉಪ್ಪು ಕಮ್ಮಿ ಇರಬೇಕು. ಮೀನು ನಿಲ್ಲಿಸಬೇಕು. ಕಿಡ್ನಿಯ ಬೆಕ್ಕುಗಳಿಗೆಂದೇ ಬರುವ ರೀನಲ್ ಡಯಟ್ ಕೊಡಬೇಕು. ಅತ್ತೆ ಎಲ್ಲದಕ್ಕೂ ತಲೆಯಾಡಿಸಿದರು. ಹೊರಗೆ ಬಂದ ಮೇಲೆ, "ಮೀನಿಲ್ಲದೆ ನಾವೇ ಬದುಕುವುದಿಲ್ಲ, ಅದು ಬದುಕುತ್ತದಾ ಮಾರಾಯ್ತಿ?" ಎಂದರು.

ರೀನಲ್ ಡಯಟ್‌ನ ಒಣ ಕಾಳು ತಂದೆ. ಬೊಳ್ಳಿ ಮೂಸಿ, ನೆಲ ಕೆರೆದು ಮಣ್ಣು ಮುಚ್ಚುವ ಹಾಗೆ ಮಾಡಿ ಹೋಯಿತು. ಬೆಕ್ಕು ಯಾವುದನ್ನು ಹಾಗೆ ಮುಚ್ಚುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅದನ್ನೇ ಬಿಸಿನೀರಲ್ಲಿ ನೆನೆಸಿ ಕೊಟ್ಟೆ. ಇಲ್ಲ. ಅದೇ ಡಯಟ್‌ನ ಮೆತ್ತಗಿನ ಪೊಟ್ಟಣ ತಂದೆ. ಎರಡು ಸಲ ನೆಕ್ಕಿ ನನ್ನ ಮುಖ ನೋಡಿತು. ಡಾಕ್ಟರನ್ನು ಕೇಳಿ ಉಪ್ಪಿಲ್ಲದೆ ಬೇಯಿಸಿದ ಕೋಳಿ, ಮೊಟ್ಟೆಯ ಬಿಳಿ ಎಲ್ಲ ಕೊಟ್ಟು ನೋಡಿದೆ. ಒಂದು ದಿನ ತಿಂದದ್ದನ್ನು ಮರುದಿನ ತಿನ್ನುವುದಿಲ್ಲ. ಮದುಮಗಳ ಕಡೆಯವರು ಬೀಗರಿಗೆ ಬಡಿಸುವ ಹಾಗೆ ಬಟ್ಟಲು ಹಿಡಿದು ಅದರ ಹಿಂದೆ ನಡೆದೆ. ಹೊಲಿಗೆಗೆ ಕೊಟ್ಟವರು ಬಾಗಿಲಲ್ಲಿ ನಿಂತು ಬೈದು ಹೋದರು.

ಆದರೂ ಬೊಳ್ಳಿ ತೀರಾ ಬತ್ತಿ ಹೋಗಲಿಲ್ಲ. ಎಲ್ಲೋ ಸ್ವಲ್ಪ ಸ್ವಲ್ಪ ತಿನ್ನುತ್ತಿರಬೇಕು, ಪಥ್ಯ ಹಿಡಿಯುತ್ತಿರಬೇಕು ಎಂದು ಆಸೆಯಿಂದ ಮತ್ತೆ ಬುಟ್ಟಿ ಹೊತ್ತುಕೊಂಡು ಹೋದೆವು.

ಕಿಡ್ನಿ ಕೆಟ್ಟಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನೈನ್ ಇನ್ನೂ ಏರಿತ್ತು. ಫಾಸ್ಫರಸ್ ಅದಕ್ಕಿಂತ ಹೆಚ್ಚು ಏರಿತ್ತು.

ಡಾಕ್ಟರು ಒಂದೊಂದೇ ಕೇಳುತ್ತಾ ಬಂದರು. ಮೀನು ಕೊಡ್ತಿದ್ದೀರಾ? ಇಲ್ಲ ಎಂದೆ. ಅತ್ತೆಯೂ ಇಲ್ಲ ಎಂದರು, ದೇವರ ಮೇಲೆ ಆಣೆ ಇಟ್ಟೇ ಹೇಳಿದರು. ಡಾಕ್ಟರಿಗೆ ಸಮಾಧಾನವಾಗಲಿಲ್ಲ. ಬೆಳಿಗ್ಗೆಯಿಂದ ಏನೇನು ತಿನ್ನುತ್ತದೆ ಹೇಳಿ ಎಂದರು. ಅತ್ತೆ ನಿರಾಳವಾಗಿ ಹೇಳಿದರು: "ಮೀನು ಒಂದು ತುಂಡೂ ಕೊಡಲಿಲ್ಲ ಮಗಾ. ಕೊಯ್ಯುವಾಗ ಅದರ ಪಾಲು ಕೊಟ್ಟದ್ದು, ಅಷ್ಟೇ."

ನಮ್ಮಲ್ಲಿ ಹಾಗೆಯೇ. ಮೀನು ಎಂದರೆ ಸಾರಿಗೆ, ಗಸಿಗೆ ಬೀಳುವ ತುಂಡು. ಬೂತಾಯಿಯ ತಲೆ, ಬಾಲ, ಕಿವಿರು ಮೀನಿನ ಲೆಕ್ಕಕ್ಕೆ ಬರುವುದಿಲ್ಲ. ಅದು ಬೆಕ್ಕಿನ ಪಾಲು. ಅತ್ತೆಯ ತಾಯಿ ಕೊಟ್ಟದ್ದು, ಅವರ ತಾಯಿ ಕೊಟ್ಟದ್ದು. ಹಿತ್ತಲಿನ ಕಲ್ಲಿನ ಹತ್ತಿರ ಮೀನು ಕೊಯ್ಯುವ ಮೆಟ್ಟುಕತ್ತಿ ಇಟ್ಟು ಕೂತರೆ ಸಾಕು, ಬೊಳ್ಳಿ ಬಂದು ಎದುರು ಕೂರುತ್ತದೆ. ಅದಕ್ಕೆ ಕೊಡದೆ ಎದ್ದರೆ ಪಾಪ ಸುತ್ತಿಕೊಳ್ಳುತ್ತದೆ ಎಂಬ ನಂಬಿಕೆ.

ಡಾಕ್ಟರು ಮೆಲ್ಲಗೆ ಹೇಳಿದರು, "ಅಜ್ಜೀ, ಆ ತಲೆ, ಮುಳ್ಳಿನಲ್ಲೇ ಫಾಸ್ಫರಸ್ ಇರುವುದು."

ಅತ್ತೆ ವಾಪಸ್ ಬರುವಾಗ ರಿಕ್ಷಾದಲ್ಲಿ ಬುಟ್ಟಿಯ ಸಂದಿಯಿಂದ ಬೆರಳು ತೂರಿಸಿ ಇಟ್ಟುಕೊಂಡಿದ್ದರು.

ಮರುದಿನದಿಂದ ಮನೆಯಲ್ಲಿ ಮೀನು ಕೊಯ್ಯುವುದು ನಿಂತಿತು. ಮಾರ್ಕೆಟಿನಲ್ಲೇ ಕೊಯ್ಯಿಸಿ, ಬೊಳ್ಳಿಗೆ ಕಾಣದ ಹಾಗೆ ತರತೊಡಗಿದೆ. ಅತ್ತೆ ಮೆಟ್ಟುಕತ್ತಿಯನ್ನು ತೊಳೆದು ಅಟ್ಟಕ್ಕೇರಿಸಿದರು.

ಬೊಳ್ಳಿ ತಿನ್ನುವುದನ್ನೇ ಬಿಟ್ಟಿತು.

ಎಂತದೂ ಇಲ್ಲ. ಕೋಳಿ ಇಲ್ಲ, ಪೊಟ್ಟಣ ಇಲ್ಲ. ಬೆಳಿಗ್ಗೆ ಹಿತ್ತಲಿನ ಕಲ್ಲಿನ ಹತ್ತಿರ ಹೋಗಿ ಕೂರುತ್ತದೆ, ಬಿಸಿಲು ಬಂದಾಗ ಎದ್ದು ಬರುತ್ತದೆ. ಹಸಿವು ಬರುವ ಮಾತ್ರೆ ಕೊಟ್ಟರೂ ಅಷ್ಟೇ. ದಿನಾ ಡ್ರಿಪ್ ಹಾಕಿಸಿದೆವು. ಸಿರಿಂಜಿನಲ್ಲಿ ಊಟ ಕೊಡಲು ಟವೆಲಿನಲ್ಲಿ ಸುತ್ತಿ ಹಿಡಿದೆ. ಅದು ಉಗುರು ಹಾಕಿತು. ನನ್ನ ಕೈ ಉರಿದದ್ದು ದೊಡ್ಡದಲ್ಲ. ನಾನು ಬರುವುದು ಕಂಡರೆ ಅದು ಮೆಷಿನ್ನಿನ ಅಡಿಯಲ್ಲಿ, ಪೆಡಲಿನ ಹಿಂದೆ ನುಸುಳಿ ಅಡಗತೊಡಗಿತಲ್ಲ, ಅದು ದೊಡ್ಡದು. ಇಷ್ಟು ವರ್ಷ ನನ್ನ ಕಾಲಿನ ಮೇಲೆ ಮಲಗಿದ ಜೀವ ಈಗ ನನ್ನ ಕಾಲಿಗೇ ಹೆದರುತ್ತದೆ. ಬದುಕಿಸಲು ಹೊರಟು ನಾನೇ ಅದಕ್ಕೆ ಶತ್ರುವಾದೆ. ಹೀಗೆ ಹಿಡಿದು ಹಿಡಿದು ತಿನ್ನಿಸಿ ಯಾರಿಗಾಗಿ ಉಳಿಸುವುದು, ಅದಕ್ಕಾಗಿಯಾ, ನನಗಾಗಿಯಾ ಎಂದು ಕೇಳಿಕೊಂಡರೆ ಅಳು ಬರುತ್ತಿತ್ತು.

ಡಾಕ್ಟರು ಟ್ಯೂಬು ಹಾಕಿ ಊಟ ಕೊಡುವ ಮಾತೆತ್ತಿದರು. ಅದೂ ಬೇಡವೆಂದಾದರೆ ಇನ್ನೊಂದು ವಿಷಯ ಯೋಚಿಸಿ, ಅದಕ್ಕೆ ನೋವಾಗುವುದಿಲ್ಲ ಎಂದರು. ಆ ಇನ್ನೊಂದು ವಿಷಯ ಯಾವುದೆಂದು ನಾನು ಕೇಳಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಹಿತ್ತಲ ಬಾಗಿಲಿಗೆ ಹೋಗಿ ನೋಡಿದರು. ಬೊಳ್ಳಿ ಕಲ್ಲಿನ ಹತ್ತಿರ ಇತ್ತು.

"ಅದು ಮೀನಿಗೆ ಕಾಯುವುದಲ್ಲ ಮಗಾ. ಊಟಕ್ಕೆ ಯಾರೂ ಕರೆಯಲಿಲ್ಲವಲ್ಲ ಅಂತ ಕೂತದ್ದು."

ಸೊಂಟ ಹಿಡಿದುಕೊಂಡು ಅವರೇ ಸ್ಟೂಲಿನ ಮೇಲೆ ನಿಂತು ಮೆಟ್ಟುಕತ್ತಿ ಇಳಿಸಿದರು. ಮರುದಿನ ಕೊಯ್ಯದ ಇಡೀ ಬೂತಾಯಿಯನ್ನು ನನ್ನಿಂದ ತರಿಸಿದರು. ಕಲ್ಲಿನ ಹತ್ತಿರ ಕೂತು ಕತ್ತಿಗೆ ಕಾಲು ಮೆಟ್ಟಿ, ಪರಪರ ಎಂದು ಪೊರೆ ತೆಗೆಯತೊಡಗಿದರು. ಬೊಳ್ಳಿಯ ಕಿವಿ ತಿರುಗಿತು. ತಲೆಗಳೆಲ್ಲ ಮುಚ್ಚಿದ ಪಾತ್ರೆಗೆ ಹೋದವು. ಸೆರಗಿನ ಮರೆಯಲ್ಲಿ ಪೊಟ್ಟಣದ ಡಯಟ್ ಇತ್ತು. ಮೀನು ಹತ್ತಿದ ಬೆರಳುಗಳಿಂದಲೇ ಅದನ್ನು ಚಿವುಟಿ, ಹಳೆಯ ತೆಂಗಿನ ಗೆರಟೆಗೆ ಹಾಕಿ, ಯಾವಾಗಿನ ಹಾಗೆ ಬೈದರು: "ತಿನ್ನು, ಮುಂಡೇದೆ. ನಿನ್ನ ಪಾಲು."

ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ.

ಮೂಸಿತು. ಅತ್ತೆಯ ಬೆರಳು ನೆಕ್ಕಿತು. ಆಮೇಲೆ ಗೆರಟೆ ನೆಕ್ಕಿತು.

ಡಾಕ್ಟರಿಗೆ ಹೇಳಿದಾಗ ಅವರು ನಕ್ಕರು. ಬೆರಳಿಗೆ ಹತ್ತಿದಷ್ಟು ಮೀನಿನಿಂದ ಏನೂ ಆಗುವುದಿಲ್ಲ, ತಿನ್ನುವುದು ಮುಖ್ಯ ಎಂದರು. ಈಗಿನ ರಿಪೋರ್ಟಿನಲ್ಲಿ ಕ್ರಿಯಾಟಿನೈನ್ ಇಳಿದಿಲ್ಲ. ಏರಿಯೂ ಇಲ್ಲ. ಅಷ್ಟಕ್ಕೇ ನಾನು ಕ್ಲಿನಿಕ್ಕಿನ ಮೆಟ್ಟಿಲಲ್ಲಿ ಕೂತು ಅತ್ತುಬಿಟ್ಟೆ. ಬೊಳ್ಳಿ ಇನ್ನೂ ಮೆಷಿನ್ನಿನ ಮೇಲೆ ಹಾರುವುದಿಲ್ಲ. ಆದರೆ ಪೆಡಲಿನ ಹಿಂದಿನಿಂದ ಹೊರಗೆ ಬಂದಿದೆ.

ಒಂದೇ ಚಿಂತೆ ಉಳಿದದ್ದು ಸೋಮವಾರದ್ದು. ನಾನು ಮದುವೆಯಾಗಿ ಬಂದಂದಿನಿಂದ ನೋಡಿದ್ದೇನೆ, ಸೋಮವಾರ ದೇವರ ದಿನವೆಂದು ಅತ್ತೆ ಮೀನು ಮುಟ್ಟುವುದಿಲ್ಲ, ಮೆಟ್ಟುಕತ್ತಿಯ ಹತ್ತಿರವೂ ಹೋಗುವುದಿಲ್ಲ. ಮೊದಲ ಸೋಮವಾರ ನಾನೇ ಕೂತು ಕೊಯ್ದೆ. ಬೊಳ್ಳಿ ದೂರದಲ್ಲೇ ನಿಂತು ನೋಡಿ, ತಿರುಗಿ ಹೋಯಿತು. ಟವೆಲಿನ ನೆನಪು ಅದಕ್ಕಿನ್ನೂ ಉಂಟು.

ಮುಂದಿನ ಸೋಮವಾರ ನಾನು ಏಳುವಾಗ ಹಿತ್ತಲಿನಿಂದ ಪರಪರ ಶಬ್ದ. ಹೋಗಿ ನೋಡಿದರೆ ಸ್ನಾನ ಮುಗಿಸಿ, ಹಣೆಗೆ ಗಂಧ ಇಟ್ಟ ಅತ್ತೆ, ಫ್ರಿಜ್ಜಿನಲ್ಲಿಟ್ಟ ಬೂತಾಯಿ ಕೊಯ್ಯುತ್ತಾ ಕೂತಿದ್ದಾರೆ. ಎದುರಿಗೆ ಗೆರಟೆಯಲ್ಲಿ ಮುಖ ಹುದುಗಿಸಿದ ಬೊಳ್ಳಿ.

ಅವರೇ ತಲೆಯೆತ್ತದೆ ಹೇಳಿದರು:

"ನಾನು ತಿನ್ನುವುದಿಲ್ಲವಲ್ಲ. ಬರೀ ಕೊಯ್ಯುವುದು. ಅದು ಲೆಕ್ಕಕ್ಕಿಲ್ಲ."