ಗೋಂದಪ್ಪ ಕೂರಿಸಿದ ಕಾಲು

ನಮ್ಮ ಬೀದಿಯ ಗೋಂದಪ್ಪನ ಬಗ್ಗೆ ಬರೆಯುತ್ತೇನೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಯಾವಾಗ ನೋಡಿದರೂ ಉಗುರಲ್ಲಿ ಒಣಗಿದ ಗೋಂದು, ಅದಕ್ಕೆ ಈ ಹೆಸರು. ಬಸ್ಸು ಓಡಿಸುತ್ತಿದ್ದವನು. ಕಣ್ಣು ಮಂಜಾಯಿತು ಅಂತ ಕೆಲಸ ಬಿಡಿಸಿದರು. ಆಮೇಲೆ ವಾಚನಾಲಯದ ಹಿಂದಿನ ಶೆಡ್ಡಿನಲ್ಲಿ ಕೂತು ಊರವರ ಕುರ್ಚಿ, ಮೇಜು ರಿಪೇರಿ ಮಾಡತೊಡಗಿದ. ಕಾಸು ಮುಟ್ಟುವುದಿಲ್ಲ. ಕಾಫಿಯೂ ಬೇಡ ಅನ್ನುತ್ತಾನೆ.

ಅವನ ಸೊಸೆ ಅನ್ನುತ್ತಾಳೆ, "ನಮ್ಮ ಮಾವ ಊರಿಗೆಲ್ಲ ಕಾಲು ಕೊಡ್ತಾರೆ. ನಮ್ಮನೆ ಮಂಚ ಮಾತ್ರ ಇಟ್ಟಿಗೆ ಮೇಲೆ ನಿಂತಿದೆ."

ಪುಕ್ಕಟೆ ಕೆಲಸ ಮಾಡುವವರನ್ನು ನಾನು ನಂಬಿದವಳಲ್ಲ. ನಮ್ಮ ಯಜಮಾನರು ನಂಬಿದರು. ಅಡುಗೆಮನೆ ಸ್ಟೂಲಿನ ಕಾಲು ಅಲ್ಲಾಡುತ್ತಿತ್ತು, ಅವನಿಗೆ ಕೊಟ್ಟರು. ಗೋಂದು ಹಾಕಿ, ಸೈಕಲ್ ಟ್ಯೂಬ್ ಬಿಗಿದು ಒಣಗಿಸಿ, ತಂದುಕೊಟ್ಟ. ಅದೇ ವಾರ ಯಜಮಾನರು ಅದರ ಮೇಲೆ ಹತ್ತಿ ಅಟ್ಟದ ಟ್ರಂಕಿಗೆ ಕೈ ಹಾಕಿದವರು ಬಿದ್ದರು. ಮತ್ತೆ ಏಳಲಿಲ್ಲ.

ತಲೆಸುತ್ತು ಬಂದಿರಬೇಕು ಅಂದರು ಡಾಕ್ಟರು. ಇರಬಹುದು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ, ನೋಡಲಿಲ್ಲ. ಮೊದಲು ಓಡಿ ಬಂದವರಲ್ಲಿ ಗೋಂದಪ್ಪನೂ ಇದ್ದ. ಎಲ್ಲ ಮುಗಿದ ಮೇಲೆ ಸ್ಟೂಲಿನ ಕಾಲು ನೋಡೋಣ ಅಂದರೆ ಸ್ಟೂಲೇ ಇಲ್ಲ.

ಅಲ್ಲಿಂದಾಚೆ ಅವನು ಕರೆಯದೆ ಬರತೊಡಗಿದ. ಕಿಟಕಿಗೆ ಕೊಂಡಿ ಹಾಕಿದ. ಬಾಗಿಲಿಗೆ ಎಣ್ಣೆ ಬಿಟ್ಟ. ಮುಖ ಎತ್ತಿ ಮಾತಾಡುವುದಿಲ್ಲ. ಬೀದಿಯವರು ಎಂಥ ಒಳ್ಳೆಯವನು ಅಂದರು. ನಾನು ಸ್ಟೂಲು ಹುಡುಕುತ್ತಿದ್ದೆ.

ಒಂದು ದಿನ ಶೆಡ್ಡಿಗೇ ಹೋದೆ. ಮುರಿದ ಕುರ್ಚಿಗಳ ಹಿಂದೆ, ಗೋಣಿ ಹೊದ್ದು, ನಮ್ಮ ಸ್ಟೂಲು.

"ಇದನ್ನ ಯಾಕೆ ತಂದೆ?"

"ನಿಮ್ಮ ಕಣ್ಣಿಗೆ ಬೀಳಬಾರದು ಅಂತ, ಅಕ್ಕ."

"ನನ್ನ ಕಣ್ಣಿಗೋ, ಊರವರ ಕಣ್ಣಿಗೋ?"

ಕಾಲು ಹಿಡಿದು ಅಲ್ಲಾಡಿಸಿದೆ. ಬಂಡೆ ಹಾಗಿತ್ತು. ಸೇರುವಲ್ಲಿ ಗೋಂದು ಬೆಳ್ಳಗೆ, ಹೊಸದು.

"ಮತ್ತೆ ಹಾಕಿದೀಯ."

"ಹಾಕಿದೆ. ಅವತ್ತೇ. ತಂದವನೇ ಕಾಲು ಬಿಚ್ಚಿ, ಕೆರೆದು, ಹೊಸದಾಗಿ ಕೂರಿಸಿಬಿಟ್ಟೆ. ಕೈ ಸುಮ್ಮನಿರಲಿಲ್ಲ."

"ಬಿಚ್ಚೋವಾಗ ಸಡಿಲ ಇತ್ತಾ?"

"ಸುತ್ತಿಗೇಲಿ ಹೊಡೆದೆ, ಬಂತು. ಹೊಡೆತಕ್ಕೆ ಬಂತೋ, ಮೊದಲೇ ಬಿಟ್ಟಿತ್ತೋ, ನೋಡಲೇ ಇಲ್ಲ."

"ನೋಡಲಿಲ್ಲವೋ, ನೋಡೋಕೆ ಭಯವೋ?"

ಗೋಂದಿನ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತ. "ಅದೂ ಗೊತ್ತಿಲ್ಲ, ಅಕ್ಕ."

ಆ ಒಂದು ಮಾತು ನಂಬಿದೆ. ನನ್ನ ಗಂಡ ಹೇಗೆ ಹೋದರು ಅನ್ನುವುದು ಆ ಕಾಲಿನಲ್ಲಿತ್ತು. ಅದನ್ನು ಇವನು ಕೆರೆದು ಹಾಕಿದ್ದಾನೆ. ಇನ್ನು ಯಾರನ್ನು ಕೇಳಲಿ.

ಮನೆಗೆ ಬರಬೇಡ ಅಂದೆ. ಬರುವುದು ಬಿಟ್ಟ. ಈಗ ನಾನೇ ಶೆಡ್ಡಿಗೆ ಹೋಗುತ್ತೇನೆ. ಅವನು ಸರಿ ಮಾಡಿದ್ದು ಯಾವುದೇ ಇರಲಿ, ಜನರ ಕೈಗೆ ಹೋಗುವ ಮೊದಲು ನಾನು ಹತ್ತಿ ನಿಲ್ಲುತ್ತೇನೆ. ಅವನು ಗೋಡೆ ನೋಡುತ್ತಾನೆ. ಮೊನ್ನೆ ಒಂದು ಕುರ್ಚಿಯನ್ನು ಮತ್ತೆ ಬಿಚ್ಚು ಅಂದೆ. ಸರಿಯಾಗಿಯೇ ಇತ್ತು ಅಂತ ಕಾಣುತ್ತದೆ. ಅವನು ಸುತ್ತಿಗೆ ತೆಗೆದುಕೊಂಡು ಬಿಚ್ಚಿದ.